ಬಿಸಿನೀರು ಕಾದಿತ್ತು, ಗಾಡಿ ಕಟ್ಟಿರಲಿಲ್ಲ

2018ರ ಜುಲೈ ತಿಂಗಳು. ತಮಿಳುನಾಡಿನ ತಿರುಪ್ಪೂರು. ಇಪ್ಪತ್ತೆಂಟು ವರ್ಷದ ಒಬ್ಬ ಶಿಕ್ಷಕಿ. ಓದಿದವರು, ಗಂಡನೂ ಓದಿದವರು. ಆಸ್ಪತ್ರೆ ಬೇಡ, ಸಹಜವಾಗಿ ಮನೆಯಲ್ಲೇ ಹೆರಿಗೆ ಮಾಡಿಸಿಕೊಳ್ಳೋಣ ಅಂತ ತೀರ್ಮಾನ ಮಾಡಿದರು. ಯೂಟ್ಯೂಬ್ ವಿಡಿಯೋ ನೋಡಿ ತಯಾರಿ ಮಾಡಿಕೊಂಡಿದ್ದರು ಅಂತ ಆಗ ವರದಿಯಾಯ್ತು. ಮಗು ಹುಟ್ಟಿತು. ತಾಯಿ ರಕ್ತಸ್ರಾವದಿಂದ ತೀರಿಕೊಂಡರು.

ಆ ದಿನ ಈ ವಿಷಯ ಮಾತಾಡುವಾಗ ವೀಕ್ಷಕರೊಬ್ಬರು ಫೋನ್ ಮಾಡಿ ಕೇಳಿದ್ದು ಇವತ್ತಿಗೂ ನೆನಪಿದೆ. "ಸಾರ್, ನಮ್ಮಜ್ಜಿ ಹತ್ತು ಮಕ್ಕಳನ್ನ ಹೆತ್ತಳು, ಹತ್ತೂ ಮನೇಲೇ. ಅವಳಿಗೇನಾಗಿತ್ತು? ಈಗಿನವರಿಗೇ ಯಾಕೆ ಇಷ್ಟೆಲ್ಲ?"

ಈ ಪ್ರಶ್ನೆ ಅವರೊಬ್ಬರದ್ದಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ, ಎಲ್ಲಾ ಕಡೆ ಇದೇ ಮಾತು. ಹಾಗಾಗಿ ಇವತ್ತು ಅಜ್ಜಿಯನ್ನೇ ಸಾಕ್ಷಿಯಾಗಿ ಕರೆಯೋಣ. ಮನೆ ಹೆರಿಗೆಗೆ ಅವರು ಏನೇನು ತಯಾರಿ ಮಾಡ್ತಿದ್ರು? ಅದರಲ್ಲಿ ಸರಿ ಇದ್ದದ್ದು ಯಾವುದು, ಕೊಂದದ್ದು ಯಾವುದು? ಒಂದೊಂದಾಗಿ ನೋಡೋಣ.

ಹೊಗಳಬೇಕಾದದ್ದನ್ನ ಮೊದಲು ಹೊಗಳಿಬಿಡ್ತೀನಿ. ನಮ್ಮ ಹಳ್ಳಿ ಮನೆಗಳಲ್ಲಿ ತಯಾರಿ ಏಳನೇ ತಿಂಗಳಿಂದಲೇ ಶುರು. ಸೀಮಂತ ಆಗಬೇಕು. ಉತ್ತರ ಕರ್ನಾಟಕದಲ್ಲಿ ಕುಬುಸ. ಹಸಿರು ಬಳೆ ತೊಡಿಸಿ, ಚೊಚ್ಚಲ ಆದರೆ ತವರಿಗೆ ಕಳಿಸಬೇಕು. ಹುಡುಗಿ ತನ್ನ ಅಮ್ಮನ ಮುಂದೆ ಅಳಬಹುದು, ಅತ್ತೆ ಮುಂದೆ ಅಳೋಕಾಗುತ್ತಾ? ಆ ಪದ್ಧತಿಯ ಹಿಂದೆ ಬುದ್ಧಿ ಇತ್ತು. ತವರಲ್ಲಿ ಒಂದು ಕೋಣೆ ಖಾಲಿ ಮಾಡಿ, ನೆಲ ಸಾರಿಸಿ, ಗಾಳಿ ಬರದ ಹಾಗೆ ಕಿಟಕಿ ಮುಚ್ಚಿ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸೋದು. ಹಳೇ ಸೀರೆಗಳನ್ನ ಒಗೆದು ಹರಿದು ಬಟ್ಟೆ ಮಾಡಿಡೋದು. ಹರಳೆಣ್ಣೆ, ಅರಿಶಿನ, ಸಾಂಬ್ರಾಣಿ, ಬಾಣಂತಿ ಖಾರಕ್ಕೆ ಮೆಣಸು, ಶುಂಠಿ, ಹಿಪ್ಪಲಿ. ಉಂಡೆ ಕಟ್ಟೋಕೆ ಅಂಟು, ಕೊಬ್ಬರಿ, ಬೆಲ್ಲ. ಬಚ್ಚಲ ಒಲೆಗೆ ಒಣ ಸೌದೆ. ನೋವು ಕಾಣಿಸಿಕೊಂಡ ತಕ್ಷಣ ಹಂಡೆಗೆ ಬೆಂಕಿ ಹಾಕಬೇಕು, ಸೂಲಗಿತ್ತಿಗೆ ಹೇಳಿ ಕಳಿಸಬೇಕು.

ಸೂಲಗಿತ್ತಿ. ಸೂಲು ಅಂದ್ರೆ ಹೆರಿಗೆ. ಆ ಕೆಲಸಕ್ಕೆ ನಮ್ಮ ಭಾಷೆಯಲ್ಲಿ ಎಷ್ಟೋ ಕಾಲದಿಂದ ಒಂದು ಹೆಸರಿದೆ, ಆದರೆ ಆ ಹೆಸರಿಗೆ ಮರ್ಯಾದೆ ಸಿಕ್ಕಿದ್ದು ತೀರಾ ತಡವಾಗಿ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ಅವರನ್ನ ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಓದು ಬರಹ ಇಲ್ಲ. ಹನ್ನೆರಡನೇ ವಯಸ್ಸಿಗೆ ಮದುವೆ. ಅಜ್ಜಿಯಿಂದ ಕಲಿತ ವಿದ್ಯೆ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದಾರೆ ಅಂತ ಲೆಕ್ಕ ಹೇಳ್ತಾರೆ, ಅದೂ ದುಡ್ಡು ತಗೊಳ್ಳದೆ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಹೊರಟೇ ಹೋದರು.

ಆದರೆ ನರಸಮ್ಮನವರ ಬದುಕಿನಲ್ಲೇ ಇನ್ನೊಂದು ಲೆಕ್ಕ ಇದೆ. ಅವರು ಹೆತ್ತಿದ್ದು ಹನ್ನೆರಡು ಮಕ್ಕಳು. ನಾಲ್ಕು ಉಳಿಯಲಿಲ್ಲ. ಜಿಲ್ಲೆಗೇ ಹೆಸರಾದ ಸೂಲಗಿತ್ತಿಯ ಮನೆಯ ಕಥೆ ಇದು. ಇನ್ನು ಉಳಿದವರ ಮನೆ ಕಥೆ ಏನಿದ್ದಿರಬೇಕು?

ನಮ್ಮಜ್ಜಿಯನ್ನ ಕೇಳಿದ್ರೆ ಥಟ್ಟಂತ ಹೇಳೋಳು. "ಹೆತ್ತಿದ್ದು ಒಂಬತ್ತು, ಉಳಿದಿದ್ದು ಐದು." ಅಕ್ಕಿ ಅಳೆದ ಹಾಗೆ ಹೇಳೋಳು. ಫೋನ್ ಮಾಡಿದ ಆ ವೀಕ್ಷಕರಿಗೆ ನಾನು ಕೇಳಿದ್ದೂ ಇದನ್ನೇ. ನಿಮ್ಮಜ್ಜಿ ಹತ್ತು ಹೆತ್ತರು ಸರಿ, ಉಳಿದಿದ್ದು ಎಷ್ಟು? ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಯಾಕೆ ಉಳೀತಿರಲಿಲ್ಲ? ಹೊಕ್ಕುಳ ಬಳ್ಳಿಯಿಂದ ಶುರು ಮಾಡೋಣ. ಬಳ್ಳಿ ಕತ್ತರಿಸೋಕೆ ಕುಡುಗೋಲು, ಇಲ್ಲಾಂದ್ರೆ ಬಿದಿರಿನ ಸಿಬ್ಬೆ, ಆಮೇಲಾಮೇಲೆ ಬ್ಲೇಡು. ಕತ್ತರಿಸಿದ ಜಾಗಕ್ಕೆ ಎಷ್ಟೋ ಕಡೆ ಸಗಣಿ ಬೂದಿ ಹಚ್ಚೋರು. ಕೆಟ್ಟ ಉದ್ದೇಶದಿಂದ ಅಲ್ಲ, ಗಾಯ ಒಣಗಲಿ ಅಂತ. ಆದರೆ ಧನುರ್ವಾಯುವಿನ ಸೂಕ್ಷ್ಮಾಣು ಇರೋದೇ ಮಣ್ಣಿನಲ್ಲಿ, ದನದ ಸಗಣಿಯಲ್ಲಿ. ನಾಲ್ಕೈದು ದಿನ ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಇದ್ದಕ್ಕಿದ್ದಂತೆ ಬಾಯಿ ಬಿಡೋದಿಲ್ಲ. ಮೈ ಬಿಲ್ಲಿನ ಹಾಗೆ ಸೆಟೆದುಕೊಳ್ಳುತ್ತೆ. ಮನೆಯವರು ಬಾಲಗ್ರಹ ಅಂದರು, ದೃಷ್ಟಿ ಅಂದರು, ತಾಯತ ಕಟ್ಟಿಸಿದರು. ಕೊಂದದ್ದು ಕುಡುಗೋಲು ಅಂತ ಯಾರಿಗೂ ಹೊಳೆಯಲಿಲ್ಲ. ಕತ್ತರಿಸಿದ ದಿನಕ್ಕೂ ಸತ್ತ ದಿನಕ್ಕೂ ಮಧ್ಯೆ ಒಂದು ವಾರ ಇರ್ತಿತ್ತಲ್ಲ, ಹೇಗೆ ಹೊಳೆಯಬೇಕು?

1988ರಲ್ಲಿ, ಅಂದ್ರೆ ನಮ್ಮಲ್ಲಿ ಎಷ್ಟೋ ಮನೆಗೆ ಟಿವಿ ಬಂದಾಗಿದ್ದ ಕಾಲದಲ್ಲಿ, ಜಗತ್ತಿನಾದ್ಯಂತ ಒಂದೇ ವರ್ಷ ಸುಮಾರು 7,87,000 ಹಸುಳೆಗಳು ಹೀಗೆ ಸತ್ತವು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದಕ್ಕೆ ಮದ್ದು ದೊಡ್ಡ ಯಂತ್ರ ಅಲ್ಲ. ಬಸುರಿಗೆ ಟಿಟಿ ಇಂಜೆಕ್ಷನ್. ಜೊತೆಗೆ ದಾಯಿಯರಿಗೆ ಕಲಿಸಿದ ಐದು ಸ್ವಚ್ಛತೆ: ಕೈ ಸ್ವಚ್ಛ, ಮಲಗುವ ಜಾಗ ಸ್ವಚ್ಛ, ಬ್ಲೇಡು ಹೊಸದು, ಕಟ್ಟುವ ದಾರ ಸ್ವಚ್ಛ, ಹೊಕ್ಕುಳ ಸ್ವಚ್ಛ. ಒಂದು ಸೋಪು, ಒಂದು ಪ್ಲಾಸ್ಟಿಕ್ ಹಾಳೆ, ಒಂದು ಬ್ಲೇಡು, ಒಂದು ದಾರ. ಇಷ್ಟನ್ನ ಒಂದು ಪೊಟ್ಟಣ ಮಾಡಿ ಕೊಟ್ಟರು. 2015ರಲ್ಲಿ ಭಾರತ ಈ ರೋಗವನ್ನ ನಿವಾರಿಸಿದೆ ಅಂತ ಘೋಷಣೆಯಾಯ್ತು. ಅದರ ಅರ್ಥ ಯಾವ ಜಿಲ್ಲೆಯಲ್ಲೂ ಸಾವಿರ ಜನನಕ್ಕೆ ಒಂದಕ್ಕಿಂತ ಕಡಿಮೆ ಪ್ರಕರಣ ಅಂತ. ಪದ್ಮಶ್ರೀಗಳ ಪಟ್ಟಿ ನಾವು ಗಂಟೆಗಟ್ಟಲೆ ತೋರಿಸ್ತೀವಿ. ಈ ಸುದ್ದಿಗೆ ಎಷ್ಟು ಹೊತ್ತು ಕೊಟ್ಟೆವು? ನನ್ನನ್ನೂ ಸೇರಿಸಿಯೇ ಕೇಳ್ತಿದ್ದೀನಿ.

ಸರಿ, ಹಾಗಾದ್ರೆ ಮನೆ ಕೊಳಕು, ಆಸ್ಪತ್ರೆ ಸ್ವಚ್ಛ ಅಂತ ಬರೆದು ಮುಗಿಸಿಬಿಡೋಣವಾ? ಇತಿಹಾಸ ಅಷ್ಟು ಸುಲಭ ಇಲ್ಲ. ಒಂದು ಕಾಲದಲ್ಲಿ ಆಸ್ಪತ್ರೆಯೇ ಮನೆಗಿಂತ ದೊಡ್ಡ ಕೊಲೆಗಡುಕ ಆಗಿತ್ತು. ಅದಕ್ಕೆ ವಿಯೆನ್ನಾ ನಗರಕ್ಕೆ ಹೋಗಬೇಕು.

1840ರ ದಶಕ. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡು. ಒಂದರಲ್ಲಿ ಡಾಕ್ಟರುಗಳು, ವೈದ್ಯ ವಿದ್ಯಾರ್ಥಿಗಳು. ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರುಗಳ ವಾರ್ಡಿನಲ್ಲಿ ಬಾಣಂತಿ ಸನ್ನಿಗೆ ಸಾಯೋರು ಸೂಲಗಿತ್ತಿಯರ ವಾರ್ಡಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಬಸುರಿಯರು ಆ ವಾರ್ಡಿಗೆ ಹಾಕಬೇಡಿ ಅಂತ ಕೈ ಮುಗೀತಿದ್ರು. ಬೀದಿಯಲ್ಲಿ ಹೆತ್ತು ಒಳಗೆ ಬಂದ ಹೆಂಗಸರು ಬದುಕ್ತಿದ್ರು, ಒಳಗೆ ಬಂದು ಹೆತ್ತವರು ಸಾಯ್ತಿದ್ರು. ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನೋ ವೈದ್ಯ ಇದರ ಹಿಂದೆ ಬಿದ್ದ. 1847ರಲ್ಲಿ ಅವನ ಸಹೋದ್ಯೋಗಿಯೊಬ್ಬ ಶವಪರೀಕ್ಷೆಯಲ್ಲಿ ಕೈಗೆ ಚಾಕು ತಾಗಿ ಸತ್ತ, ಥೇಟ್ ಬಾಣಂತಿಯರು ಸಾಯೋ ಹಾಗೇ. ಆಗ ಹೊಳೆಯಿತು. ಡಾಕ್ಟರುಗಳು ಬೆಳಿಗ್ಗೆ ಹೆಣ ಕೊಯ್ದು ಅದೇ ಕೈಯಲ್ಲಿ ಹೆರಿಗೆ ಮಾಡಿಸ್ತಿದ್ರು! ಕ್ಲೋರಿನ್ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕು ಅಂತ ಕಟ್ಟಪ್ಪಣೆ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು. ದೊಡ್ಡ ಡಾಕ್ಟರುಗಳಿಗೆ ಅವಮಾನ ಆಯ್ತು. ನಮ್ಮ ಕೈ ಕೊಳಕಾ ಅಂದರು. ಅವನು 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ.

ಅಂದ್ರೆ ಹೆರಿಗೆ ನಡೆಯೋ ಕಟ್ಟಡ ಯಾವುದು ಅನ್ನೋದು ಮೊದಲ ಪ್ರಶ್ನೆ ಅಲ್ಲ. ಮುಟ್ಟುವ ಕೈ ತೊಳೆದಿದೆಯಾ ಅನ್ನೋದು ಮೊದಲ ಪ್ರಶ್ನೆ. ಎರಡನೇ ಪ್ರಶ್ನೆ ಇನ್ನೂ ಕಷ್ಟದ್ದು. ಕೈ ತೊಳೆದಿದ್ದರೂ, ಎಲ್ಲಾ ಶುದ್ಧವಿದ್ದರೂ, ಹೆರಿಗೆ ಕೈಕೊಟ್ಟರೆ ಮುಂದೇನು?

ಇದಕ್ಕೆ ನಮ್ಮ ಪಕ್ಕದಲ್ಲೇ ಒಂದು ಕಥೆ ಇದೆ. ಕಾಯಿಲೆ ಕಷ್ಟ ಅಂದಾಗ ಕೋಲಾರ, ಬೆಂಗಳೂರು ಕಡೆಯಿಂದ ಬಸ್ಸು ಹತ್ತಿ ವೆಲ್ಲೂರಿಗೆ ಹೋಗಿ ಬಂದವರು ನಿಮ್ಮಲ್ಲಿ ತುಂಬಾ ಜನ ಇದ್ದೀರಿ. ಆ ವೆಲ್ಲೂರು ಆಸ್ಪತ್ರೆ ಹುಟ್ಟಿದ್ದೇ ಮನೆಯಲ್ಲಿ ನಡೆದ ಮೂರು ಹೆರಿಗೆಗಳಿಂದ. 1890ರ ದಶಕದ ಹೊತ್ತಿಗೆ, ತಮಿಳುನಾಡಿನ ತಿಂಡಿವನಂನಲ್ಲಿ ಮಿಷನರಿ ವೈದ್ಯರೊಬ್ಬರ ಮಗಳು ಐಡಾ ಸ್ಕಡರ್, ಹುಷಾರಿಲ್ಲದ ತಾಯಿಯನ್ನ ನೋಡಿಕೊಳ್ಳೋಕೆ ಅಮೆರಿಕದಿಂದ ಬಂದಿದ್ದಳು. ಇಲ್ಲಿ ಉಳಿಯೋ ಮನಸ್ಸು ಅವಳಿಗೆ ಇರಲಿಲ್ಲ. ಒಂದು ರಾತ್ರಿ ಒಬ್ಬರ ಹಿಂದೆ ಒಬ್ಬರು ಮೂವರು ಗಂಡಂದಿರು ಬಾಗಿಲು ತಟ್ಟಿದರು. ಇಬ್ಬರು ಮೇಲ್ಜಾತಿ ಹಿಂದೂಗಳು, ಒಬ್ಬರು ಮುಸಲ್ಮಾನರು. ಹೆಂಡತಿಗೆ ಹೆರಿಗೆ ಆಗ್ತಿಲ್ಲ, ಬನ್ನಿ ಅಂದರು. ನನಗೆ ವೈದ್ಯ ಗೊತ್ತಿಲ್ಲ, ಅಪ್ಪನನ್ನ ಕರ್ಕೊಂಡು ಹೋಗಿ ಅಂದಳು ಐಡಾ. ಗಂಡಸು ಮುಟ್ಟೋ ಹಾಗಿಲ್ಲ ಅಂತ ಮೂವರೂ ವಾಪಸ್ ಹೋದರು. ಬೆಳಗಾಗೋ ಹೊತ್ತಿಗೆ ಮೂವರು ಹೆಂಗಸರೂ ಸತ್ತಿದ್ದರು.

ಐಡಾ ಅಮೆರಿಕಕ್ಕೆ ಹೋಗಿ ಡಾಕ್ಟರಾಗಿ 1900ರಲ್ಲಿ ವಾಪಸ್ ಬಂದಳು. 1902ರಲ್ಲಿ ವೆಲ್ಲೂರಿನಲ್ಲಿ ಆಸ್ಪತ್ರೆ ತೆರೆದಳು. 1918ರಲ್ಲಿ ಹೆಣ್ಣುಮಕ್ಕಳಿಗೇ ವೈದ್ಯಕೀಯ ಶಾಲೆ ಮಾಡಿದಳು. ಆ ಮೂರು ಮನೆಗಳಲ್ಲಿ ತಯಾರಿ ಇರಲಿಲ್ಲವಾ? ಬಿಸಿನೀರಿರಲಿಲ್ಲವಾ? ಬಟ್ಟೆ ಇರಲಿಲ್ಲವಾ? ಎಲ್ಲಾ ಇತ್ತು. ಕೈಮೀರಿದಾಗ ಹೋಗೋಕೆ ಒಂದು ಜಾಗ ಇರಲಿಲ್ಲ. ಇದ್ದ ಒಬ್ಬ ಡಾಕ್ಟರನ್ನ ಒಳಗೆ ಬಿಡೋ ಮನಸ್ಸು ಇರಲಿಲ್ಲ.

ಇದೇ ಕೊರತೆ ತುಂಬೋಕೆ 1885ರಲ್ಲಿ ವೈಸ್‌ರಾಯ್ ಪತ್ನಿ ಲೇಡಿ ಡಫರಿನ್ ಒಂದು ನಿಧಿ ಸ್ಥಾಪಿಸಿದ್ದರು, ಭಾರತದ ಹೆಂಗಸರಿಗೆ ಹೆಣ್ಣು ಡಾಕ್ಟರುಗಳನ್ನ ಒದಗಿಸೋಕೆ. 1903ರಲ್ಲಿ ಲೇಡಿ ಕರ್ಜನ್ ಕಾಲದಲ್ಲಿ ದಾಯಿಯರಿಗೆ ತರಬೇತಿ ಕೊಡೋ ನಿಧಿ ಬಂತು. ನಮ್ಮ ಮೈಸೂರು ಸಂಸ್ಥಾನದಲ್ಲಿ 1935ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಶುರುವಾಯ್ತು. ಗಂಡ ತೀರಿಹೋದ ಮೇಲೆ ಸಂಸ್ಥಾನ ನಡೆಸಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ವಾಣಿವಿಲಾಸ ಸನ್ನಿಧಾನ ಅನ್ನೋ ಬಿರುದೇ ಆ ಆಸ್ಪತ್ರೆಗೆ ಹೆಸರಾಯ್ತು. ಚಾಮರಾಜಪೇಟೆ ಪಕ್ಕದಲ್ಲಿ ಇವತ್ತಿಗೂ ನಿಂತಿದೆ. ಈ ಲೇಖನ ಓದ್ತಿರೋ ಬೆಂಗಳೂರಿಗರಲ್ಲಿ ಎಷ್ಟೋ ಜನ ಅಲ್ಲೇ ಹುಟ್ಟಿದವರು.

ಆದರೆ ಆಸ್ಪತ್ರೆ ಇದ್ದದ್ದು ಬೆಂಗಳೂರಿನಲ್ಲಿ. ಹಳ್ಳಿಯಲ್ಲಿ?

ನಮ್ಮಜ್ಜಿಗೆ ಒಬ್ಬ ಅಕ್ಕ ಇದ್ದಳು. ಹಾಸನದ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದರು. ಮೂರನೇ ಹೆರಿಗೆ. ಎರಡು ಸಲೀಸಾಗಿ ಆಗಿತ್ತಲ್ಲ, ಯಾರಿಗೂ ಭಯ ಇರಲಿಲ್ಲ. ಸಂಜೆಗೆ ಗಂಡು ಮಗು ಹುಟ್ಟಿತು. ಮಾಸು ಬೀಳಲಿಲ್ಲ. ಸೂಲಗಿತ್ತಿ ಹೊಟ್ಟೆ ನೀವಿದಳು, ಬಾಯಿಗೆ ಕೂದಲು ತುರುಕಿ ಓಕರಿಕೆ ಬರಿಸಿದಳು, ಅದು ಆಗಿನ ಉಪಾಯ. ರಕ್ತ ಹೋಗ್ತಾನೇ ಇತ್ತು. ಪೇಟೆಗೆ ಕರ್ಕೊಂಡು ಹೋಗೋಣವಾ ಅಂತ ಸೂಲಗಿತ್ತಿ ಮೆಲ್ಲಗೆ ಕೇಳಿದಳಂತೆ. ಯಜಮಾನರು ಊಟ ಮಾಡಿ ಮಲಗಿದ್ದಾರೆ, ಬೆಳಿಗ್ಗೆ ಕೇಳೋಣ ಅಂದರು. ಎಬ್ಬಿಸಿದ ಮೇಲೂ ಎತ್ತು ಹೊಲದ ಮನೆಯಲ್ಲಿದ್ದವು. ಗಾಡಿ ಕಟ್ಟೋಷ್ಟರಲ್ಲಿ ಮುಗಿದುಹೋಗಿತ್ತು. ಅಜ್ಜಿ ಈ ಕಥೆ ಹೇಳುವಾಗಲೆಲ್ಲ ಕೊನೆಗೆ ಒಂದೇ ಮಾತು ಹೇಳೋಳು. "ಹಂಡೇಲಿ ನೀರು ಇನ್ನೂ ಕುದೀತಿತ್ತು ಕಣೋ. ಆ ನೀರಲ್ಲೇ ಹೆಣ ತೊಳೆದ್ರು."

ಇದರಲ್ಲಿ ಸೂಲಗಿತ್ತಿಯದ್ದೇನು ತಪ್ಪು? ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರಿಯುತ್ತೆ. ಮಗು ಹೊರಗೆ ಬಂದ ಮೇಲೆ ಗರ್ಭಕೋಶ ಮುಷ್ಟಿಯ ಹಾಗೆ ಗಟ್ಟಿಯಾಗಬೇಕು, ಆಗಲೇ ಆ ನಲ್ಲಿ ನಿಲ್ಲೋದು. ಮಾಸು ಒಳಗೇ ಅಂಟಿಕೊಂಡರೆ ಗಟ್ಟಿಯಾಗೋಲ್ಲ. ಆಗ ಬೇಕಾದದ್ದು ಗರ್ಭಕೋಶ ಬಿಗಿಯೋ ಇಂಜೆಕ್ಷನ್, ಮಾಸು ತೆಗೆಯಬಲ್ಲ ಡಾಕ್ಟರು, ಕೊಡೋಕೆ ರಕ್ತ. ಸಮಯ ಇರೋದು ಒಂದೆರಡು ಗಂಟೆ, ಕೆಲವರಿಗೆ ಅಷ್ಟೂ ಇಲ್ಲ. ಯಾವ ಕಷಾಯಕ್ಕೂ, ಯಾವ ವಿಡಿಯೋಗೂ ಆ ಕೆಲಸ ಮಾಡೋಕಾಗಲ್ಲ.

1994ರಲ್ಲಿ ಸೆರೀನ್ ಥಡಿಯಸ್, ಡೆಬೊರಾ ಮೇನ್ ಅನ್ನೋ ಇಬ್ಬರು ಸಂಶೋಧಕರು ತಾಯಂದಿರ ಸಾವಿಗೆ ಮೂರು ತಡಗಳು ಕಾರಣ ಅಂತ ವಿವರಿಸಿದರು. ಹೋಗಬೇಕು ಅಂತ ತೀರ್ಮಾನ ಮಾಡೋದರಲ್ಲಿ ತಡ. ಹೋಗಿ ತಲುಪೋದರಲ್ಲಿ ತಡ. ತಲುಪಿದ ಮೇಲೆ ಚಿಕಿತ್ಸೆ ಸಿಗೋದರಲ್ಲಿ ತಡ. ಅದನ್ನ ಓದಿದಾಗ ನನಗೆ ನೆನಪಾಗಿದ್ದು ಮಲಗಿದ್ದ ಯಜಮಾನರು, ಹೊಲದ ಮನೆಯ ಎತ್ತು.

ಈಗ ಲೆಕ್ಕ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2005-06ರಲ್ಲಿ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ ನೂರಕ್ಕೆ ಸುಮಾರು 65. ಅಂದ್ರೆ ಮೂರನೇ ಒಂದು ಭಾಗ ತಾಯಂದಿರು ಇನ್ನೂ ಮನೆಯಲ್ಲೇ. 2019-21ರ ಹೊತ್ತಿಗೆ 97. ಮಧ್ಯೆ ಏನಾಯ್ತು? 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. ಮನೆ ಮನೆಗೆ ಆಶಾ ಕಾರ್ಯಕರ್ತೆ ಬಂದರು. ತಾಯಿ ಕಾರ್ಡ್ ಬಂತು, ಮಡಿಲು ಕಿಟ್ ಬಂತು. 2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಶುರುವಾಯ್ತು. ಎತ್ತಿನ ಗಾಡಿ ಕಟ್ಟೋ ಕೆಲಸ ಒಂದು ಫೋನಿಗೆ ಬಂತು. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜನನಕ್ಕೆ 228 ತಾಯಂದಿರು ಸಾಯ್ತಿದ್ರು. 2018-20ರಲ್ಲಿ ಅದು 69. ನಮ್ಮ ಸರ್ಕಾರಗಳನ್ನ ನಾನು ದಿನಾ ಬೈತೀನಿ. ಇದೊಂದಕ್ಕೆ ಪಕ್ಷ ನೋಡದೆ ಕೈ ಮುಗೀತೀನಿ.

ಹಾಗಂತ ಆಸ್ಪತ್ರೆಗೆ ಸೇರಿಸಿದ ತಕ್ಷಣ ಜವಾಬ್ದಾರಿ ಮುಗೀತು ಅನ್ನೋದೂ ತಪ್ಪು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ಅನುಮಾನ ಹೋಗಿದ್ದು ನರಕ್ಕೆ ಏರಿಸಿದ ಗ್ಲೂಕೋಸ್ ಬಾಟಲಿಯಂಥ ದ್ರಾವಣದ ಮೇಲೆ. ಸೆಮ್ಮೆಲ್‌ವೈಸ್ ಕೇಳಿದ ಪ್ರಶ್ನೆಯೇ ಇಲ್ಲೂ. ಒಳಗೆ ಹೋಗೋದು ಶುದ್ಧವಾಗಿದೆಯಾ? ಇನ್ನು ಸಿಸೇರಿಯನ್. ಅದೇ 2019-21ರ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 31 ಹೆರಿಗೆ ಕೊಯ್ದು ಮಾಡಿದ್ದು. ಆ ತಿರುಪ್ಪೂರಿನಂಥ ದಂಪತಿ ಆಸ್ಪತ್ರೆ ಅಂದ್ರೆ ಹೆದರೋದು ಯಾಕೆ ಅಂತ ಡಾಕ್ಟರುಗಳೂ ಒಮ್ಮೆ ಕೇಳಿಕೊಳ್ಳಬೇಕು. ಬೈಗುಳ, ಒಂಟಿತನ, ಅರ್ಥ ಆಗದ ಕಾಗದಕ್ಕೆ ಸಹಿ. ಇದನ್ನ ಅನುಭವಿಸಿದವಳು ಇನ್ನೊಮ್ಮೆ ಸಂತೋಷವಾಗಿ ಬರ್ತಾಳಾ?

ಸೂಲಗಿತ್ತಿಯ ಹತ್ತಿರ ರಕ್ತದ ಬಾಟಲಿ ಇರಲಿಲ್ಲ. ಆದರೆ ನೋವು ಶುರುವಾದಾಗಿಂದ ಮುಗಿಯೋವರೆಗೂ ಅವಳು ಎದ್ದು ಹೋಗ್ತಿರಲಿಲ್ಲ. ಕೈ ಹಿಡಿದುಕೊಂಡೇ ಇರ್ತಿದ್ದಳು. ಅದೂ ಚಿಕಿತ್ಸೆಯೇ ಅಂತ ಈಗ ಸರ್ಕಾರಕ್ಕೂ ಅರ್ಥವಾಗಿದೆ. ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬ ಹೆಂಗಸು ಇರಬಹುದು ಅಂತ 2016ರಲ್ಲಿ ಕೇಂದ್ರ ಹೇಳಿದೆ. ತರಬೇತಿ ಪಡೆದ ನರ್ಸ್‌ಗಳನ್ನೇ ಸೂಲಗಿತ್ತಿಯರನ್ನಾಗಿ ಮಾಡೋಕೆ 2018ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ತಂದಿತು. ನರಸಮ್ಮ ತೀರಿಕೊಂಡದ್ದೂ ಅದೇ ತಿಂಗಳು.

ಕೆಲವರು ಕೇಳ್ತಾರೆ, ಇಂಗ್ಲೆಂಡಿನಲ್ಲಿ ಮನೆ ಹೆರಿಗೆ ಮಾಡಿಸ್ತಾರಲ್ಲ ಅಂತ. ಹೌದು, ಮಾಡಿಸ್ತಾರೆ. ಯಾರ ಜೊತೆ? ಲೈಸೆನ್ಸ್ ಇರೋ ಸೂಲಗಿತ್ತಿ ಜೊತೆ, ಹೆಚ್ಚಾಗಿ ಯಾವ ತೊಂದರೆಯೂ ಇಲ್ಲದ ಬಸುರಿಗೆ, ಬಾಗಿಲಿಗೆ ಬರೋ ಆಂಬುಲೆನ್ಸ್ ಇಟ್ಟುಕೊಂಡು. 2011ರಲ್ಲಿ ಅಲ್ಲಿ 64,000ಕ್ಕೂ ಹೆಚ್ಚು ಹೆರಿಗೆಗಳ ಅಧ್ಯಯನ ಆಯ್ತು. ಮೊದಲೇ ಮಕ್ಕಳಾದವರಿಗೆ ಮನೆಯಲ್ಲಿ ಮಗುವಿನ ಅಪಾಯ ಹೆಚ್ಚು ಅಂತ ಕಾಣಲಿಲ್ಲ. ಚೊಚ್ಚಲ ಹೆರಿಗೆಗೆ ಮಾತ್ರ ಹೆಚ್ಚಿತ್ತು. ಇನ್ನೊಂದು ಅಂಕಿ ಕೇಳಿ. ಮನೆಯಲ್ಲೇ ಅಂತ ತೀರ್ಮಾನಿಸಿದ್ದ ಚೊಚ್ಚಲ ಬಸುರಿಯರಲ್ಲಿ 100ಕ್ಕೆ 45 ಜನರನ್ನ ಕೊನೆಗೆ ಆಸ್ಪತ್ರೆಗೇ ಸಾಗಿಸಬೇಕಾಯ್ತು. ಅಲ್ಲಿ ಗಾಡಿ ಸಿದ್ಧವಿತ್ತು, ಅದಕ್ಕೇ ಅದು ಬರೀ ಅಂಕಿ ಆಗಿ ಉಳೀತು. ಇಲ್ಲಿ ಆ 45ರಲ್ಲಿ ಒಬ್ಬಳು ನಿಮ್ಮ ಮಗಳಾದ್ರೆ?

ಅಜ್ಜಿಯರನ್ನ ನಾನು ಬೈತಿಲ್ಲ. ಅವರು ಕೈಲಾದ ತಯಾರಿ ಎಲ್ಲಾ ಮಾಡಿದ್ದರು. ಹೆರಿಗೆ ಚೆನ್ನಾಗಿ ಆದರೆ ಬೇಕಾಗೋದೆಲ್ಲ ಆ ಕೋಣೆಯಲ್ಲಿತ್ತು. ಕೆಟ್ಟರೆ ಬೇಕಾಗೋದು ಇರಲಿಲ್ಲ, ಅದನ್ನ ಒದಗಿಸೋ ಶಕ್ತಿ ಅವರಿಗಿರಲಿಲ್ಲ. ನಮಗಿದೆ.

ಹಾಗಾಗಿ ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಇವತ್ತೇ ಇಷ್ಟು ಮಾಡಿ. ತಾಯಿ ಕಾರ್ಡ್ ಎಲ್ಲಿದೆ ನೋಡಿ. ರಕ್ತದ ಗುಂಪು ಗೊತ್ತಾ, ಆ ಗುಂಪಿನವರು ಇಬ್ಬರನ್ನ ಕೇಳಿ ಇಟ್ಟುಕೊಳ್ಳಿ. ಸಿಸೇರಿಯನ್ ಮಾಡೋ, ರಕ್ತ ಸಿಗೋ ಆಸ್ಪತ್ರೆ ಎಷ್ಟು ದೂರ, ರಾತ್ರಿ ಎರಡಕ್ಕೆ ಹೋಗೋದು ಹೇಗೆ ಅಂತ ಒಮ್ಮೆ ಯೋಚಿಸಿ. ಹೊರಡಬೇಕು ಅಂತ ಹೇಳೋ ಅಧಿಕಾರ ಆ ಹುಡುಗಿಗೂ ಇರಲಿ, ಯಜಮಾನರು ಏಳೋವರೆಗೂ ಕಾಯೋದು ಬೇಡ. ಜೊತೆಗೆ ಕೈ ಹಿಡಿದುಕೊಳ್ಳೋಕೆ ಯಾರಿರ್ತಾರೆ ಅನ್ನೋದೂ ತೀರ್ಮಾನ ಆಗಲಿ. ಬಾಣಂತಿ ಖಾರ, ಅಂಟಿನುಂಡೆ, ಹಂಡೆ ನೀರು ಎಲ್ಲಾ ಇರಲಿ, ತಾಯಿ ಮಗು ಮನೆಗೆ ಬಂದ ಮೇಲೆ ಬೇಕಾಗುತ್ತೆ.

ನಮ್ಮಜ್ಜಿಯ ಅಕ್ಕ ಹೆತ್ತ ಆ ಗಂಡು ಮಗು ಬದುಕಿತು. ಅಜ್ಜಿಯೇ ತಂದು ಸಾಕಿದಳು. ನಾನು ದೊಡ್ಡಪ್ಪ ಅಂತ ಕರೀತಿದ್ದದ್ದು ಅವರನ್ನೇ. ತಮ್ಮ ಹುಟ್ಟುಹಬ್ಬ ಯಾವತ್ತು ಅಂತ ಅವರು ಕೊನೆವರೆಗೂ ಯಾರಿಗೂ ಹೇಳಲಿಲ್ಲ.